ಸೋಪ್‌ವಿತ್ ಆಟದಲ್ಲಿ ‘ಎಂ’ ಒತ್ತಿ ಆಡಿದವರು ಯಾರಾದರೂ ಇದ್ದೀರಾ?

ಬೂಷ್ಟು_ಫ್ಲಾಪಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಸಾಗರದ ಮನೆಗೆ ಹೋದಾಗ ಅಟ್ಟ ಗುಡಿಸುವ ಕೆಲಸ ನನ್ನ ತಲೆಗೆ ಬಂತು. ಗೋಣಿಚೀಲ, ಒಡೆದ ರೇಡಿಯೊ, ಅದರ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿ. ಒಳಗೆ 11 ಫ್ಲಾಪಿ. ಐದೂಕಾಲು ಇಂಚಿನವು, ಬಗ್ಗಿಸಿದರೆ ಬಗ್ಗುವಂಥವು. ನಮ್ಮೂರಿನ ಮಳೆ ಗೊತ್ತಲ್ಲ, ಎಲ್ಲಕ್ಕೂ ಬೂಷ್ಟು ಹಿಡಿದಿದೆ. ಒಂದರ ಚೀಟಿಯ ಮೇಲೆ ಅಪ್ಪನ ಅಕ್ಷರ: ‘ಸೋಪ್‌ವಿತ್, ವಿಮಾನ, ಅಳಿಸಬೇಡಿ’.

ಅಪ್ಪ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದರು. 1991ರ ಹೊತ್ತಿಗೆ ಅಲ್ಲಿಗೊಂದು ಕಂಪ್ಯೂಟರ್ ಬಂದಿತ್ತಂತೆ. ಫ್ಲಾಪಿ ಓದಿಸುವ ಆಸೆ ಬಿಟ್ಟೆ. ನೆಟ್‌ನಲ್ಲಿ ಆ ವಿಮಾನ ಕಾಳಗದ ಆಟ ಹುಡುಕಿ, ಹಳೇ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಹಾಕಿದೆ. ಎರಡು ಪ್ರಶ್ನೆ ಇದೆ.

ವಿಮಾನ ಏಳುತ್ತದೆ, ಸ್ವಲ್ಪ ಹಾರುತ್ತದೆ, ಆಮೇಲೆ ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಹಿಂದಕ್ಕೆ ತಿರುಗಿಸಿದೆನೋ, ಸೀದಾ ನೆಲಕ್ಕೇ ನುಗ್ಗುತ್ತದೆ. ನಾನೇನು ತಪ್ಪು ಮಾಡುತ್ತಿದ್ದೇನೆ?

ಇನ್ನೊಂದು, ಶುರುವಿನಲ್ಲಿ ಎಸ್, ಸಿ, ಎಂ ಅಂತ ಆಯ್ಕೆ ಬರುತ್ತದೆ. ಎಸ್ ಒಬ್ಬರೇ ಆಡುವುದಕ್ಕೆ, ಸಿ ಕಂಪ್ಯೂಟರ್ ಜೊತೆ, ಎಂ ಹಲವರು ಸೇರಿ ಆಡುವುದಕ್ಕೆ. ಎಂ ಯಾರಾದರೂ ಆಡಿದ್ದೀರಾ? ಅಪ್ಪನನ್ನು ಕೇಳಿದರೆ, ‘ಅದೊಂದು ಒತ್ತಬಾರದು, ಮಿಷನ್ ನಿಂತುಹೋಗ್ತದೆ’ ಅಂದರು.

ಗೇರುಬೀಜ

ಮಾರಾಯ್ರೇ, ಈ ಹೆಸರು ಕೇಳಿ ಎಷ್ಟು ವರ್ಷ ಆಯ್ತು! ನಾನು ಪುತ್ತೂರಿನವನು. 1993ರಲ್ಲಿ ಟೈಪಿಂಗ್ ಕಲಿಸುವ ಕಡೆ ಒಂದು ಎಕ್ಸ್‌ಟಿ ಕಂಪ್ಯೂಟರ್ ಇತ್ತು, ಅದರಲ್ಲಿ ಆಡಿದ್ದು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸುಲಭ. ನೀವು ಕಾಮಾ ಕೀ ಅಂದರೆ ‘ಮೇಲೆ’ ಅಂತ ತಿಳ್ಕೊಂಡಿದ್ದೀರಿ. ಅಲ್ಲ. ಕಾಮಾ ಅಂದರೆ ಪೈಲಟ್ ಕೋಲನ್ನು ತನ್ನ ಹೊಟ್ಟೆ ಕಡೆ ಎಳೆದುಕೊಳ್ಳುವುದು. ಸ್ಲ್ಯಾಷ್ ಅಂದರೆ ಮುಂದಕ್ಕೆ ತಳ್ಳುವುದು. ಈಗ ಕಾಮಾ ಒತ್ತುತ್ತಾ ಅರ್ಧ ಸುತ್ತು ಹೊಡೆದಿರಿ ಅಂತ ಇಟ್ಟುಕೊಳ್ಳಿ. ಮೂತಿ ಹಿಂದಕ್ಕೆ ತಿರುಗಿತು, ಸರಿ. ಆದರೆ ವಿಮಾನ ಅಂಗಾತ ಆಗಿದೆ! ಚಕ್ರ ಆಕಾಶಕ್ಕೆ, ಪೈಲಟ್‌ನ ತಲೆ ಕೆಳಗೆ. ಈಗ ಕಾಮಾ ಒತ್ತಿದರೆ ಅವನ ಹೊಟ್ಟೆ ಕಡೆ ಅಂದರೆ ನೆಲದ ಕಡೆ. ಢಮಾರ್.

ಅದಕ್ಕೇ ನಡುವೆ ಚುಕ್ಕೆ ಕೀ ಇರುವುದು. ಅರ್ಧ ಸುತ್ತು ಆದ ಕೂಡಲೇ ಚುಕ್ಕೆ ಒಂದು ಸಲ ಒತ್ತಿ, ವಿಮಾನ ಮಗುಚಿ ಸರಿಯಾಗುತ್ತದೆ. ಕಾಮಾ, ಚುಕ್ಕೆ, ಸ್ಲ್ಯಾಷ್ ಮೂರೂ ಕೀಬೋರ್ಡಿನಲ್ಲಿ ಒಟ್ಟಿಗೇ ಉಂಟು, ಬಲಗೈಯ ಮೂರು ಬೆರಳು ಅಲ್ಲೇ ಇರಲಿ. ಎಡಗೈಗೆ ಎಕ್ಸ್ ವೇಗ, ಝಡ್ ನಿಧಾನ. ಬಿ ಬಾಂಬ್, ಸ್ಪೇಸ್ ಗುಂಡು. ದಾರಿ ತಪ್ಪಿದರೆ ಎಚ್ ಒತ್ತಿ, ಅದೇ ಮನೆಗೆ ಕರ್ಕೊಂಡು ಹೋಗ್ತದೆ.

ಎಂ ಮಾತ್ರ ನಾವೂ ಆಡಿಲ್ಲ. ಒತ್ತಿದ್ದೇವೆ, ಆಟ ಶುರುವಾಗಲಿಲ್ಲ.

ಕಡಲೆಪುರಿ

ನಮ್ಮ ಮೈಸೂರಿನ ಶಾಲೆಯಲ್ಲಿ ಇದಕ್ಕೆ ‘ಸೋಪಿನ ಆಟ’ ಅಂತ ಹೆಸರು. ಸೋಪ್‌ವಿತ್ ಅಂದ್ರೆ ಯಾರಿಗೂ ಅರ್ಥ ಆಗ್ತಿರಲಿಲ್ಲ. ಸೋಪ್, ವಿತ್ ಏನು? ವಿತ್ ನೀರು? ಒಬ್ಬ ಗೆಳೆಯ ಇದು ಸೋಪಿನ ಕಂಪನಿಯವರು ಜಾಹೀರಾತಿಗೆ ಮಾಡಿಸಿದ ಆಟ ಅಂತ ಆಣೆ ಮಾಡಿ ಹೇಳಿದ್ದ. ನಂಬಿದ್ವಿ ಕಣ್ರಿ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಂದು ಕಂಪ್ಯೂಟರಿಗೆ ನಾಲ್ಕು ಜನ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಮೂವತ್ತು ನಿಮಿಷ ಬೇಸಿಕ್ ಪ್ರೋಗ್ರಾಮಿಂಗ್, ಹತ್ತು ನಿಮಿಷ ವಿಮಾನ. ನಾಲ್ಕು ಜನಕ್ಕೆ ಹಂಚಿದರೆ ಎರಡೂವರೆ ನಿಮಿಷ. ಅದರಲ್ಲಿ ನಾನು ರನ್‌ವೇ ಬಿಟ್ಟು ಮೇಲೆದ್ದದ್ದೇ ಕಡಿಮೆ.

ಶಿಫ್ಟ್‌ಕೀ

ಎಂ ಕೀ ವಿಷಯಕ್ಕೆ ಬರುತ್ತೇನೆ, ನನ್ನ ಪ್ರಕಾರ ಈ ಆಟದ ಮಜಾ ಇರೋದೇ ಅಲ್ಲಿ.

ಸೋಪ್‌ವಿತ್ ಬರೆದವರು ಡೇವಿಡ್ ಎಲ್. ಕ್ಲಾರ್ಕ್. ವರ್ಷ 1984. ಕೆನಡಾದ ಬಿಎಂಬಿ ಕಂಪ್ಯುಸೈನ್ಸ್ ಅನ್ನೋ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಅದು ಆಟ ಮಾರುವ ಕಂಪನಿ ಅಲ್ಲವೇ ಅಲ್ಲ. ಅವರ ಸರಕು ‘ಇಮ್ಯಾಜಿನೆಟ್’ ಅಂತ ಒಂದು ನೆಟ್‌ವರ್ಕ್, ಅಂದರೆ ಕಚೇರಿಯ ನಾಲ್ಕಾರು ಪಿಸಿಗಳನ್ನು ಜೋಡಿಸುವ ವ್ಯವಸ್ಥೆ. ಗಿರಾಕಿಯ ಮುಂದೆ ಕೂತು ‘ನೋಡಿ ಸ್ವಾಮಿ, ಈ ಕಡತ ಆ ಕಂಪ್ಯೂಟರಿಗೆ ಹೋಯಿತು’ ಅಂದರೆ ಯಾರಿಗೆ ಖುಷಿಯಾಗುತ್ತೆ? ಅದೇ ಇಬ್ಬರು ಎದುರುಬದುರು ಕೂತು ಒಬ್ಬರ ವಿಮಾನ ಇನ್ನೊಬ್ಬರು ಉರುಳಿಸಿದರೆ? ಅದನ್ನು ತೋರಿಸಲೆಂದೇ ಈ ಆಟ ಮಾಡಿದ್ದು.

ಅಂದರೆ ಎಂ ಅನ್ನೋದೇ ನಿಜವಾದ ಆಟ. ಎಸ್ ಮತ್ತು ಸಿ ಉಪ್ಪಿನಕಾಯಿ. ಆಟದ ಫ್ಲಾಪಿ ಕೈಯಿಂದ ಕೈಗೆ ನಕಲಾಗಿ ಊರೂರು ಸುತ್ತಿತು. ಇಮ್ಯಾಜಿನೆಟ್ ಮಾತ್ರ ಅದರ ಜೊತೆ ಬರಲಿಲ್ಲ. ಸಾಗರಕ್ಕೂ ಬರಲಿಲ್ಲ, ಪುತ್ತೂರಿಗೂ ಬರಲಿಲ್ಲ. ನಾವೆಲ್ಲ ಒಗ್ಗರಣೆ ಇಲ್ಲದ ಸಾರು ಉಂಡವರು.

ಕಡಲೆಪುರಿ

ಹಾಗಾದ್ರೆ ಸೋಪಲ್ಲ, ನೆಟ್‌ವರ್ಕ್ ಜಾಹೀರಾತು. ನನ್ನ ಗೆಳೆಯ ಅರ್ಧ ಸರಿ!

ರೆಕ್ಕೆಪುಕ್ಕ

ಗೇರುಬೀಜ ಅವರು ಹೇಳಿದ್ದು ಸರಿ, ಆದರೆ ಕಲ್ಲಿನ ಹಾಗೆ ಬೀಳುವುದಕ್ಕೆ ಕಾರಣ ಬೇರೆ. ಅದು ಸ್ಟಾಲ್. ಸ್ಟಾಲ್ ಅಂದರೆ ಎಂಜಿನ್ ನಿಂತಿತು ಅಂತ ಜಾಸ್ತಿ ಜನ ತಿಳಿದಿರುತ್ತಾರೆ. ಬೈಕ್‌ನ ಅಭ್ಯಾಸ ಅದು. ವಿಮಾನದಲ್ಲಿ ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ ಸ್ಟಾಲ್ ಆಗುತ್ತದೆ. ಮೂತಿಯನ್ನು ವಿಪರೀತ ಮೇಲೆತ್ತಿದಾಗ ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿ ಅಂಟಿಕೊಂಡು ಹರಿಯುವುದಿಲ್ಲ, ಕಿತ್ತುಹೋಗುತ್ತದೆ. ರೆಕ್ಕೆ ಎತ್ತುವುದನ್ನು ನಿಲ್ಲಿಸುತ್ತದೆ. ಆಮೇಲೆ ನೀವು ಕಾಮಾ ಎಷ್ಟು ಕುಟ್ಟಿದರೂ ಅಷ್ಟೇ.

ಮದ್ದು ಮನಸ್ಸಿಗೆ ಒಪ್ಪದಂಥದ್ದು. ಬೀಳುತ್ತಿರುವಾಗ ಮೂತಿಯನ್ನು ನೆಲದ ಕಡೆಗೇ ತಿರುಗಿಸಬೇಕು. ವೇಗ ಬರಲಿ. ಬಂದ ಮೇಲೆ ಮೆಲ್ಲಗೆ ಎಳೆಯಬೇಕು. ನಿಜವಾದ ಪೈಲಟ್‌ಗಳಿಗೂ ಮೊದಲು ಕಲಿಸುವುದು ಇದನ್ನೇ. ಅಷ್ಟು ಚಿಕ್ಕ ಆಟದಲ್ಲಿ ಇದನ್ನು ತಂದಿದ್ದಾರಲ್ಲ, ಅದು ನನಗೆ ದೊಡ್ಡದು. ಆ ಕಾಲದ ಬಹಳಷ್ಟು ವಿಮಾನದ ಆಟಗಳಲ್ಲಿ ವಿಮಾನ ಅಂದರೆ ರೆಕ್ಕೆ ಬಿಡಿಸಿದ ಫಿರಂಗಿ ಅಷ್ಟೆ. ಇಲ್ಲಿ ಅದಕ್ಕೆ ತೂಕ ಇದೆ. ಹತ್ತುವಾಗ ವೇಗ ಇಳಿಯುತ್ತದೆ, ಇಳಿಯುವಾಗ ಏರುತ್ತದೆ.

ಪರದೆಯ ತುದಿ ದಾಟಿ ಮೇಲೆ ಹೋದರೂ ಸ್ಟಾಲ್ ಆಗುತ್ತದೆ, ಆಕಾಶಕ್ಕೆ ಸೂರು ಹಾಕಿದ ಹಾಗೆ. ಬೂಷ್ಟು ಅವರಿಗೆ ಬಹುಶಃ ಆಗುತ್ತಿರುವುದು ಇದೇ.

ಬೂಷ್ಟು_ಫ್ಲಾಪಿ

ಅಯ್ಯೋ, ಅದೇ! ನಾನು ಸುರಕ್ಷಿತವಾಗಿರಲಿ ಅಂತ ಆದಷ್ಟು ಮೇಲೆ ಹೋಗುತ್ತಿದ್ದೆ. ಈಗ ಮೂರು ನಿಮಿಷ ಹಾರಿದೆ. ಎರಡು ಕಟ್ಟಡ ಒಡೆದೆ. ಅದರಲ್ಲಿ ಒಂದು ನನ್ನದೇ.

ಗೇರುಬೀಜ

ಹಹಹ. ಬಣ್ಣ ನೋಡಿ ಸರ್. ತಿಳಿನೀಲಿ ನಮ್ಮದು, ನೇರಳೆ ಅವರದ್ದು.

ಬಾಂಬ್ ಇರುವುದು ಐದೇ, ಗುಂಡು 200. ಖಾಲಿಯಾದರೆ ಮನೆಗೆ ಬಂದು ಇಳಿಯಬೇಕು, ತುಂಬಿಸಿಕೊಂಡು ಮತ್ತೆ ಏಳಬೇಕು. ಅವಸರಕ್ಕೆ ಬಾಂಬ್ ಹಾಕಬೇಡಿ. ವಿಮಾನಕ್ಕೆ ಇರುವ ವೇಗ ಬಾಂಬಿಗೂ ಇರ್ತದೆ, ಆದ್ದರಿಂದ ಕಟ್ಟಡದ ನೆತ್ತಿ ಮೇಲೆ ಬಂದು ಬಿಟ್ಟರೆ ದಾಟಿ ಬೀಳ್ತದೆ. ನಾನು ಮಾಡುತ್ತಿದ್ದದ್ದು ಹೀಗೆ: ಮೇಲಿನಿಂದ ಓರೆಯಾಗಿ ಇಳಿದು, ಮೂತಿ ಕಟ್ಟಡದ ಕಡೆ ಇರುವಾಗಲೇ ಬಿ ಒತ್ತುವುದು, ಕೂಡಲೇ ಕಾಮಾ. ತಡ ಮಾಡಿದರೆ ನಮ್ಮ ಬಾಂಬಿನ ಚೂರು ನಮಗೇ.

ಎರಡನೇ ಸುತ್ತಿನಿಂದ ಕಟ್ಟಡಗಳೂ ಗುಂಡು ಹಾರಿಸ್ತವೆ, ನೆನಪಿರಲಿ.

ಶಿಫ್ಟ್‌ಕೀ

ಬಣ್ಣದ ಮಾತು ಬಂದಿದ್ದಕ್ಕೆ ಒಂದು ಸಣ್ಣ ವಿಷಯ. ಸಿಜಿಎ ಅಂದರೆ ಆ ಕಾಲದ ಪಿಸಿಯ ಬಣ್ಣದ ಪರದೆ, 320 ಚುಕ್ಕಿ ಅಡ್ಡ, 200 ಉದ್ದ, ನಾಲ್ಕೇ ಬಣ್ಣ: ಕಪ್ಪು, ಬಿಳಿ, ತಿಳಿನೀಲಿ, ನೇರಳೆ. ಒಂದು ಚುಕ್ಕಿಗೆ ಎರಡು ಬಿಟ್ ಸಾಕು. ವಿಮಾನದ ಚಿತ್ರ 16 ಚುಕ್ಕಿ ಅಗಲ, 16 ಎತ್ತರ. ಅಂದರೆ 64 ಬೈಟ್. ಅದನ್ನು 16 ದಿಕ್ಕಿಗೆ ಬಿಡಿಸಿದ್ದಾರೆ, ನೆಟ್ಟಗೆ ಇರುವಾಗ ಒಂದು ಸೆಟ್, ಅಂಗಾತ ಇರುವಾಗ ಇನ್ನೊಂದು. ಒಟ್ಟು 32 ಚಿತ್ರ, 2,048 ಬೈಟ್.

ಎರಡು ಕೆಬಿ! ಇವತ್ತು ವಾಟ್ಸಾಪ್‌ನಲ್ಲಿ ಬರುವ ಒಂದು ‘ಶುಭೋದಯ’ ಹೂವಿನ ಚಿತ್ರದಲ್ಲಿ ಇಂಥ ಹಲವು ವಿಮಾನದಳ ಕೂರಿಸಬಹುದು.

ಕಡಲೆಪುರಿ

ದನ ಯಾರೂ ಹೇಳಲೇ ಇಲ್ವಲ್ಲ? ನೆಲದ ಮೇಲೆ ದನ ನಿಂತಿರ್ತಿತ್ತು. ಯುದ್ಧ ನಡೀತಿದೆ, ಬಾಂಬ್ ಬೀಳ್ತಿದೆ, ಅದು ಸುಮ್ನೆ ನಿಂತಿದೆ. ನಮ್ಮ ದೇವರಾಜ ಅರಸು ರಸ್ತೆಯ ನಡುವೆ ನಿಲ್ಲೋ ದನದ ಹಾಗೇ.

ಗೇರುಬೀಜ

ಅದು ಎತ್ತು. ಹೊಡೆದರೆ ನಮ್ಮ ಪಾಯಿಂಟೇ ಕಟ್! ಹಕ್ಕಿ ಹಿಂಡೂ ಉಂಟು, ಅದರೊಳಗೆ ನುಗ್ಗಿದರೆ ವಿಮಾನದ ಕತೆ ಮುಗೀತು. ಇವೆಲ್ಲ ಎರಡನೇ ಆವೃತ್ತಿಯಲ್ಲಿ ಬಂದದ್ದು.

ಮೂರನೇಮಹಡಿ

ಆಟ ನಾನೂ ಆಡಿದ್ದೇನೆ. ಆದರೆ ಇದರ ಬಗ್ಗೆ ಇಷ್ಟು ಭಾವುಕರಾಗೋದು ಜಾಸ್ತಿ ಆಯ್ತು ಅನಿಸುತ್ತೆ. ಪಿಸಿ ಸ್ಪೀಕರಿನ ಆ ‘ಗುಂಯ್’ ಶಬ್ದ ಐದು ನಿಮಿಷ ಕೇಳಿದರೆ ತಲೆನೋವು. ಅದೇ ಹೊತ್ತಲ್ಲಿ ಹೊರದೇಶದ ಮಕ್ಕಳು ಕಮಡೋರ್ 64 ಅನ್ನೋ ಮನೆ ಕಂಪ್ಯೂಟರಿನಲ್ಲಿ ‘ಬ್ಲೂ ಮ್ಯಾಕ್ಸ್’ ಆಡುತ್ತಿದ್ದರು. 1983ರದ್ದು, ಅದೂ ಮೊದಲ ಮಹಾಯುದ್ಧದ ಎರಡು ರೆಕ್ಕೆ ವಿಮಾನವೇ. ಪರದೆ ಓರೆಯಾಗಿ ಸರಿಯುತ್ತೆ, ನದಿ, ಸೇತುವೆ, ದೋಣಿ ಎಲ್ಲಾ ಇದೆ. ನಮಗೆ ಸಿಕ್ಕಿದ್ದು ನಾಲ್ಕು ಬಣ್ಣ ಮತ್ತು ಒಂದು ಎತ್ತು. ಬೇರೆ ಗತಿ ಇಲ್ಲದೆ ಆಡಿದ್ವಿ, ಅಷ್ಟೇ ಅಲ್ವಾ?

ರೆಕ್ಕೆಪುಕ್ಕ

ಬ್ಲೂ ಮ್ಯಾಕ್ಸ್ ನೋಡೋಕೆ ಚಂದ, ಒಪ್ಪಿದೆ. ಆದರೆ ಅದರಲ್ಲಿ ಹಿಂದಕ್ಕೆ ತಿರುಗೋಕೆ ಆಗಲ್ಲ. ಪರದೆ ಮುಂದೆ ಹೋಗುತ್ತೆ, ನೀವೂ ಹೋಗಬೇಕು. ಸೋಪ್‌ವಿತ್‌ನಲ್ಲಿ ಶತ್ರು ನಿಮ್ಮ ಬಾಲ ಹಿಡಿದಾಗ ನೀವು ಸುತ್ತು ಹೊಡೆದು ಅವನ ಬಾಲ ಹಿಡಿಯಬಹುದು. ಆ ಯುದ್ಧದ ವಿಮಾನಗಳ ಕಾಳಗ ಅಂದರೆ ಅದೇ. ಗುಂಡು ಮುಂದಕ್ಕೇ ಹೋಗುತ್ತದೆ, ಆದ್ದರಿಂದ ಇಡೀ ವಿಮಾನವನ್ನೇ ಗುರಿ ಇಡಬೇಕು.

ಹೆಸರಿನ ವಿಷಯ. ಸೋಪ್‌ವಿತ್ ಅನ್ನೋದು ಒಬ್ಬ ಮನುಷ್ಯ. ಥಾಮಸ್ ಸೋಪ್‌ವಿತ್, ಇಂಗ್ಲೆಂಡಿನವರು. ಅವರ ಕಂಪನಿಯ ಹೆಸರಾಂತ ವಿಮಾನ ಸೋಪ್‌ವಿತ್ ಕ್ಯಾಮೆಲ್, 1917ರಲ್ಲಿ ಯುದ್ಧಕ್ಕೆ ಇಳಿಯಿತು. ಸುಮಾರು 5,500 ಕಟ್ಟಿದರು. ಎರಡು ಮಷಿನ್‌ಗನ್‌ಗಳ ಮೇಲೆ ಮುಚ್ಚಿದ ತಗಡು ಒಂಟೆಯ ಡುಬ್ಬದ ಹಾಗೆ ಕಾಣುತ್ತಿತ್ತು ಅಂತ ಕ್ಯಾಮೆಲ್.

ಅದರ ಎಂಜಿನ್ ವಿಚಿತ್ರ. ಈಗಿನ ಹಾಗೆ ಎಂಜಿನ್ ನಿಂತು ಫ್ಯಾನ್ ತಿರುಗುವುದಲ್ಲ. ನಡುವಿನ ದಂಡ ನಿಂತಿರುತ್ತೆ, ಸಿಲಿಂಡರ್‌ಗಳ ಸಮೇತ ಇಡೀ ಎಂಜಿನ್ನೇ ಫ್ಯಾನ್ ಜೊತೆ ಗರಗರ ತಿರುಗುತ್ತೆ. ಅಷ್ಟು ಭಾರ ಮೂತಿಯಲ್ಲಿ ಬುಗುರಿಯ ಹಾಗೆ ತಿರುಗಿದರೆ ಏನಾಗಬೇಕು? ವಿಮಾನ ಬಲಕ್ಕೆ ರಪ್ಪನೆ ತಿರುಗುತ್ತಿತ್ತು, ಎಡಕ್ಕೆ ತಿರುಗಲು ಮೊಂಡು. ಕಾಳಗದಲ್ಲಿ ಇದು ವರ. ಹೊಸದಾಗಿ ಕಲಿಯುವ ಹುಡುಗರಿಗೆ ಶಾಪ. ಮೇಲೆದ್ದ ಕೂಡಲೇ ಹತೋಟಿ ತಪ್ಪಿ ಎಷ್ಟೋ ಜನ ತರಬೇತಿಯಲ್ಲೇ ಸತ್ತರು. ಬ್ರಿಟಿಷ್ ಪೈಲಟ್‌ಗಳಿಗೆ ಪ್ಯಾರಾಶೂಟ್ ಕೂಡ ಕೊಡುತ್ತಿರಲಿಲ್ಲ.

ಇನ್ನೊಂದು, ಆ ಎಂಜಿನ್ನಿಗೆ ಹಾಕುತ್ತಿದ್ದ ಎಣ್ಣೆ ಯಾವುದು ಹೇಳಿ? ಹರಳೆಣ್ಣೆ! ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ ಅಂತ. ಸುಟ್ಟ ಹರಳೆಣ್ಣೆ ಹೊಗೆಯಾಗಿ ಪೈಲಟ್‌ನ ಮುಖಕ್ಕೇ ಹೊಡೆಯುತ್ತಿತ್ತು.

ಕಡಲೆಪುರಿ

ನಮ್ಮಜ್ಜಿ ಪ್ರತಿ ಬೇಸಿಗೆ ರಜೆಯಲ್ಲಿ ಹರಳೆಣ್ಣೆ ಕುಡಿಸ್ತಿದ್ರು. ಆ ಪೈಲಟ್‌ಗಳ ಪಾಡು ನನಗೆ ಚೆನ್ನಾಗಿ ಅರ್ಥ ಆಗುತ್ತೆ. ಮೇಲಿಂದ ಇಳಿಯೋ ಅವಸರ ಶತ್ರುವಿಗೆ ಹೆದರಿ ಮಾತ್ರ ಆಗಿರಲಾರದು.

ಹಿಮದೂರು

ತಡವಾಗಿ ಬಂದೆ, ಕ್ಷಮಿಸಿ. ನಾನಿರೋದು ಕೆನಡಾದ ಒಂಟೇರಿಯೊದಲ್ಲಿ, ಹುಟ್ಟೂರು ಹಾಸನ. ಬಿಎಂಬಿ ಕಂಪ್ಯುಸೈನ್ಸ್ ಇದ್ದದ್ದು ಇದೇ ಒಂಟೇರಿಯೊದ ಮಿಲ್ಟನ್‌ನಲ್ಲಿ. ಟೊರೊಂಟೊದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ವಾರಕ್ಕೊಮ್ಮೆ ಆ ದಾರಿಯಲ್ಲೇ ಓಡಾಡ್ತೀನಿ. ಈ ಚರ್ಚೆ ಓದುವವರೆಗೂ ಸೋಪಿನ ಆಟ ಅಲ್ಲಿಂದ ಬಂದದ್ದು ಅಂತ ಗೊತ್ತೇ ಇರಲಿಲ್ಲ. ಅಂದಹಾಗೆ ನಾವೆಲ್ಲ ಆಡಿದ ‘ಡಿಗ್ಗರ್’ ಕೂಡ ಕೆನಡಾದ್ದೇ.

ಕ್ಯಾಮೆಲ್ ವಿಮಾನದ ಮಾತು ಬಂದಿದ್ದಕ್ಕೆ ಇದನ್ನು ಹೇಳಲೇಬೇಕು. ಅದನ್ನು ಯುದ್ಧದಲ್ಲಿ ಹಾರಿಸಿದ ಭಾರತೀಯರೊಬ್ಬರಿದ್ದರು. ಹರ್ದಿತ್ ಸಿಂಗ್ ಮಲಿಕ್. ರಾವಲ್ಪಿಂಡಿಯವರು, ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದರು. ಮೊದಲು ಬ್ರಿಟಿಷರು ಸೇರಿಸಿಕೊಳ್ಳಲಿಲ್ಲ. ಫ್ರಾನ್ಸಿಗೆ ಹೋಗಿ ಆಂಬುಲೆನ್ಸ್ ಓಡಿಸಿದರು. ಕೊನೆಗೆ 1917ರಲ್ಲಿ ಬ್ರಿಟನ್ನಿನ ಆಗಿನ ವಾಯುದಳ ರಾಯಲ್ ಫ್ಲೈಯಿಂಗ್ ಕೋರ್‌ಗೆ ಸೇರಿದರು. ಪೇಟ ತೆಗೆಯಲ್ಲ ಅಂದರು. ಪೇಟದ ಮೇಲೆ ಕೂರುವಂಥ ದೊಡ್ಡ ಹೆಲ್ಮೆಟ್ ಮಾಡಿಸಿಕೊಂಡರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರ ಕ್ಯಾಮೆಲ್ ಜರಡಿಯಾಯಿತು, ಕಾಲಿಗೆ ಗುಂಡು ಹೊಕ್ಕಿತು. ಹೇಗೋ ಬದುಕಿ ಇಳಿದರು. ಆ ಗುಂಡು ಕಡೆಯವರೆಗೂ ಕಾಲಲ್ಲೇ ಉಳಿಯಿತು.

ಸ್ವಾತಂತ್ರ್ಯ ಬಂದ ಮೇಲೆ ಕೆನಡಾಕ್ಕೆ ಭಾರತದ ಮೊದಲ ಹೈಕಮಿಷನರ್ ಆಗಿ ಬಂದವರು ಇವರೇ. ತೀರಿಕೊಂಡದ್ದು 1985ರಲ್ಲಿ. ಅಂದರೆ ಈ ಆಟ ಹೊರಬಂದಾಗ ಇನ್ನೂ ಇದ್ದರು.

ರೆಕ್ಕೆಪುಕ್ಕ

ಥಾಮಸ್ ಸೋಪ್‌ವಿತ್ ಕೂಡ ಇದ್ದರು! ಹುಟ್ಟಿದ್ದು 1888, ಹೋದದ್ದು 1989, ನೂರಾ ಒಂದು ವರ್ಷ. ಆಟ ಬಂದಾಗ ಅವರಿಗೆ 96.

ಅವರ ಹಳೇ ಕಂಪನಿ 1920ರಲ್ಲಿ ಮುಚ್ಚಿತು, ಅದೇ ಜನ ಸೇರಿ ಹಾಕರ್ ಕಂಪನಿ ಕಟ್ಟಿದರು. 1971ರಲ್ಲಿ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳನ್ನು ಹೊಡೆದ ನಮ್ಮ ಹಂಟರ್ ವಿಮಾನಗಳು ಆ ಹಾಕರ್ ಮನೆತನದವೇ.

ಮೂರನೇಮಹಡಿ

ಸರಿ, ಹೆಲ್ಮೆಟ್ ಕತೆಗೆ ಸೋತೆ. ಸ್ಪೀಕರ್ ಶಬ್ದದ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗಲ್ಲ.

ಶಿಫ್ಟ್‌ಕೀ

ಆಟದ ನಡುವೆ ಎಸ್ ಒತ್ತಿದರೆ ಶಬ್ದ ನಿಲ್ಲುತ್ತೆ ಗುರು. ಮೂವತ್ತು ವರ್ಷ ಸುಮ್ನೆ ತಲೆನೋವು ತಿಂದಿದ್ದೀಯ.

ಬೂಷ್ಟು ಅವರೇ, ಮುಖ್ಯ ವಿಷಯ. ಕ್ಲಾರ್ಕ್ 2000ದಲ್ಲಿ ಆಟದ ಮೂಲ ಕೋಡ್ ಬಹಿರಂಗ ಮಾಡಿದರು. ಆಮೇಲೆ ಅದು ಜಿಪಿಎಲ್ ಪರವಾನಗಿಗೂ ಬಂತು, ಅಂದರೆ ಯಾರು ಬೇಕಾದರೂ ತಿದ್ದಿ ಹಂಚಬಹುದು. ಅದನ್ನು ಹಿಡಿದು ಸೈಮನ್ ಹೊವಾರ್ಡ್ ಅನ್ನೋವ್ರು ‘ಎಸ್‌ಡಿಎಲ್ ಸೋಪ್‌ವಿತ್’ ಮಾಡಿದ್ದಾರೆ. ಡಾಸ್‌ಬಾಕ್ಸ್ ಬೇಡ, ಈಗಿನ ವಿಂಡೋಸ್, ಲಿನಕ್ಸ್‌ನಲ್ಲಿ ಸೀದಾ ಓಡುತ್ತೆ. ಅದರಲ್ಲಿ ಇಮ್ಯಾಜಿನೆಟ್ ಜಾಗಕ್ಕೆ ಇಂಟರ್ನೆಟ್ಟಿನ ಮಾಮೂಲಿ ಟಿಸಿಪಿ/ಐಪಿ ಹಾಕಿದ್ದಾರೆ. ಇಬ್ಬರು ಆಡಬಹುದು. ಒಂದು ಕಂಪ್ಯೂಟರ್ ಕಾಯುತ್ತೆ, ಇನ್ನೊಂದು ಅದರ ಐಪಿ ನಂಬರ್ ಕೊಟ್ಟು ಸೇರಿಕೊಳ್ಳುತ್ತೆ. ಒಂದೇ ವೈಫೈನಲ್ಲಿ ಇದ್ದರೆ ಐದು ನಿಮಿಷದ ಕೆಲಸ.

ನಿಮ್ಮ ಅಪ್ಪನಿಗೆ ಹೇಳಿ, ಈ ಸಲ ಮಿಷನ್ ನಿಲ್ಲಲ್ಲ.

ಬೂಷ್ಟು_ಫ್ಲಾಪಿ

ವರದಿ ಒಪ್ಪಿಸಲು ಬಂದೆ. ಹಬ್ಬಕ್ಕೆ ಊರಿಗೆ ಬಂದಿದ್ದೇನೆ. ಜಗಲಿಯಲ್ಲಿ ಅಪ್ಪನಿಗೆ ನನ್ನ ಹಳೇ ಲ್ಯಾಪ್‌ಟಾಪ್, ಒಳಗೆ ಊಟದ ಕೋಣೆಯಲ್ಲಿ ನಾನು. ನಡುವೆ ಗೋಡೆ. ವೈಫೈ ಒಂದೇ. ಮೊದಲ ಸಲ ಸೇರಿಕೊಳ್ಳಲಿಲ್ಲ, ನನ್ನ ಫೈರ್‌ವಾಲ್ ಅಡ್ಡ ಬಂದಿತ್ತು. ಅದನ್ನು ಬಿಡಿಸಿದೆ, ಬಂತು.

ಅಪ್ಪ ಕಾಮಾ, ಸ್ಲ್ಯಾಷ್ ಎಲ್ಲಾ ಮರೆತಿದ್ದರು. ಹೇಳಿಕೊಟ್ಟೆ. ಮೊದಲ ಸಲ ಎದ್ದು ಸೀದಾ ಸೂರಿಗೆ ಹೋಗಿ ಸ್ಟಾಲ್. ಎರಡನೇ ಸಲ ಹಕ್ಕಿ ಹಿಂಡು. ಮೂರನೇ ಸಲ ನಾನು ಬಾಂಬ್ ತುಂಬಿಸಲು ಇಳಿದು ರನ್‌ವೇಯಲ್ಲಿ ನಿಂತಿದ್ದೆ. ನೆಲಕ್ಕೆ ಒತ್ತಿಕೊಂಡ ಹಾಗೆ ಬಂದರು, ಎತ್ತಿನ ಕೊಂಬಿಗೆ ತಾಗುವಷ್ಟು ಕೆಳಗೆ. ಎತ್ತಿಗೆ ಏನೂ ಆಗಲಿಲ್ಲ. ನನ್ನ ವಿಮಾನ ಹೋಯಿತು.

ಜಗಲಿಯಿಂದ ಕೂಗಿದ್ದು ಕೇಳಿಸಿತು: ‘ಇಳಿದು ನಿಂತವನನ್ನ ಹೊಡೀಬಹುದಾ, ಅದಕ್ಕೆ ಪಾಯಿಂಟ್ ಉಂಟಾ?’

ಗೇರುಬೀಜ ಸರ್, ಉಂಟಾ? ಇಲ್ಲಿ ಜಗಳ ಆಗ್ತಿದೆ.

ಗೇರುಬೀಜ

ಉಂಟು ಅಂತ ಹೇಳಿ. ಹಬ್ಬದ ದಿನ ಹಿರಿಯರ ಹತ್ತಿರ ವಾದ ಬೇಡ.